ಡೆಲ್ಫಾ ಬಿಚ್ಚಿದ ಹೊಲಿಗೆಗಳು

ಯಾರ ಮನೆಗೆ ಹೋದರೂ ಡೆಲ್ಫಾ ರೈಮರ್ಸ್ ಮೊದಲು ಮಾಡುತ್ತಿದ್ದ ಕೆಲಸ ಒಂದೇ: ಮಂಚದ ಮೇಲೆ ಹಾಸಿದ ಕೌದಿಯ ಮೂಲೆಯನ್ನು ಎರಡು ಬೆರಳಿನಿಂದ ಎತ್ತಿ, ಮಗುಚಿ, ಅದರ ಬೆನ್ನನ್ನು ನೋಡುವುದು. ಮುಂಭಾಗದ ನಕ್ಷತ್ರಗಳು, ಗುಲಾಬಿಗಳು, ಬಣ್ಣದ ತುಂಡುಗಳನ್ನು ಹೊಂದಿಸಿದ ಜಾಣ್ಮೆ, ಇವುಗಳ ಕಡೆ ಅವರ ಕಣ್ಣೇ ಹೋಗುತ್ತಿರಲಿಲ್ಲ. ಮುಖವನ್ನು ಯಾರು ಬೇಕಾದರೂ ಚೆಂದಗಾಣಿಸಬಹುದು, ಹೊಲಿದವಳು ಎಂಥವಳೆಂದು ಗೊತ್ತಾಗುವುದು ಅಸ್ತರಿಯ ಕಡೆಯಿಂದ ಎಂಬುದು ಅವರ ದೃಢವಾದ ನಂಬಿಕೆ. ಮದುವೆಮನೆಯಲ್ಲಿ ಉಡುಗೊರೆಯ ಮೇಜಿನ ಮುಂದೆ, ಬಾಣಂತಿಯ ಕೋಣೆಯಲ್ಲಿ, ಒಮ್ಮೆಯಂತೂ ನೆರೆಮನೆಯ ಮುದುಕ ಕೊನೆಯುಸಿರು ಎಳೆಯುತ್ತಿದ್ದಾಗ ಅವನ ಕಾಲ ಬುಡದಲ್ಲಿ ಕೂತು, ಅವನು ಹೊದ್ದಿದ್ದ ಕೌದಿಯನ್ನೇ ಅವರು ಮಗುಚಿ ನೋಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮುದುಕನ ಹೆಂಡತಿ ಅಳು ನಿಲ್ಲಿಸಿ, "ಹೇಗಿದೆ ಡೆಲ್ಫಾ?" ಎಂದು ಕೇಳಿದರು. "ಚೆನ್ನಾಗಿದೆ. ನಿಮ್ಮತ್ತೆ ಹೊಲಿದಿದ್ದಲ್ವಾ? ಅಂದ್ಕೊಂಡೆ," ಎಂದರು ಡೆಲ್ಫಾ. ಆ ಹೊತ್ತಿನಲ್ಲಿ ಪಾದ್ರಿ ಓದಿದ ವಚನಗಳಿಗಿಂತ ಈ ಮಾತು ಆಕೆಗೆ ಹೆಚ್ಚು ಸಮಾಧಾನ ತಂದಂತೆ ಕಂಡಿತು.

ಅಯೋವಾದ ಮೆಕ್ಕೆಜೋಳದ ಹೊಲಗಳ ನಡುವಿನ ನಮ್ಮೂರಿನಲ್ಲಿ, ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ, ಬುಧವಾರ ಮಧ್ಯಾಹ್ನ ಸೇರುತ್ತಿದ್ದ ಕೌದಿ ಕೂಟಕ್ಕೆ ನಾನು ಈ ಊರಿಗೆ ಸೊಸೆಯಾಗಿ ಬಂದ ವರ್ಷವೇ ಸೇರಿಕೊಂಡೆ. ಚರ್ಚಿನ ಆರ್ಗನ್ ನುಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು; ಭಾನುವಾರ ಮೇಲೆ ಕೂತು ಅದನ್ನು ನುಡಿಸುವವಳು ಬುಧವಾರ ಕೆಳಗೆ ಬಂದು ಸೂಜಿ ಹಿಡಿಯಬೇಕೆಂಬುದು ಆಗ ಇಲ್ಲಿ ಯಾರೂ ಬರೆದಿಡದ ಕಾನೂನು. ಆ ಕೂಟ ಈಗಿಲ್ಲ. ಮದುವೆಯಾದವರಿಗೆ, ಹುಟ್ಟಿದವರಿಗೆ, ಮನೆ ಸುಟ್ಟುಹೋದವರಿಗೆ, ವರ್ಗವಾಗಿ ಹೋಗುವ ಪಾದ್ರಿಗಳಿಗೆ, ನಾವೆಂದೂ ಕಾಣದ ದೂರದೇಶದ ನಿರಾಶ್ರಿತರಿಗೆ ಎಂದು ನಾವು ಹೊಲಿದ ಕೌದಿಗಳು ಜಿಲ್ಲೆಯ ತುಂಬ ಚೆದುರಿಹೋಗಿವೆ. ಕೆಲವು ನಾಯಿಯ ಹಾಸಿಗೆಯಾಗಿವೆ, ಕೆಲವನ್ನು ಮನೆ ಬದಲಿಸುವಾಗ ಫ್ರಿಜ್ಜಿಗೆ ಸುತ್ತಿದ್ದಾರೆ, ಒಂದೆರಡು ಗಾಜಿನ ಹಿಂದೆ ಗೋಡೆಯ ಮೇಲೆ ಗಂಭೀರವಾಗಿ ತೂಗುತ್ತಿವೆ. ಅವುಗಳ ಮುಂದೆ ನಿಂತು ಯಾರಾದರೂ "ಎಂಥ ತಾಳ್ಮೆ, ಎಂಥ ಪ್ರೀತಿ" ಎಂದು ಬೆರಗಾದಾಗ ನನಗೆ ಸಂತೋಷವಾಗುವುದಕ್ಕಿಂತ ಮೊದಲು ಕತ್ತು ನೋಯುತ್ತದೆ. ಪ್ರೀತಿ ಇತ್ತು, ಇಲ್ಲವೆನ್ನಲಾರೆ. ಅದಕ್ಕಿಂತ ಹೆಚ್ಚಾಗಿ ಬಾಗಿ ಬಾಗಿ ಬಿಗಿದುಹೋದ ಬೆನ್ನು, ತೂತು ಬಿದ್ದು ಗಡುಸಾದ ಬೆರಳ ತುದಿ, ಮಂಕಾದ ದೀಪ, ಹಳೆಯ ಹೀಟರಿನ ಗೊರಗೊರ ಸದ್ದು ಇದ್ದವು. ಆ ಆಯಾಸವೆಲ್ಲ ಸೇರಿ ಒಂದು ಮನುಷ್ಯಾಕೃತಿ ತಾಳಿದರೆ ಅದು ಡೆಲ್ಫಾರದೇ ಆಗಿರುತ್ತದೆ.

ಎತ್ತರದ, ಮೂಳೆ ಎದ್ದ ಹೆಂಗಸು. ನೆಲಮಾಳಿಗೆಯ ಮೆಟ್ಟಿಲನ್ನು ಅಡ್ಡಡ್ಡವಾಗಿ, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲನ್ನು ಜೋಡಿಸಿ ನಿಂತು, ಏನೋ ತೀರ್ಮಾನಿಸಿದವರಂತೆ ಮುಂದಿನದಕ್ಕೆ ಇಳಿಯುತ್ತಿದ್ದರು. ಹಿಂದೆ ಬಂದವರು ಬಿಸಿ ಪಾತ್ರೆ ಹಿಡಿದುಕೊಂಡು ಕಾಯುತ್ತಲೇ ನಿಲ್ಲಬೇಕು. ಮದುವೆಯಾಗಲಿಲ್ಲ. ಊರಾಚೆ ಅಣ್ಣ ಆರ್ವಿಲ್ ಜೊತೆ ಹಂದಿ ಸಾಕಿಕೊಂಡಿದ್ದರು. ಅಣ್ಣ ತೀರಿಕೊಂಡ ಮೇಲೆ ಹಂದಿಗಳನ್ನು ಮಾರಿದರು, ಅವನ ಕಂದು ಕ್ಯಾನ್ವಾಸಿನ ಕೋಟನ್ನು ಮಾತ್ರ ಇಟ್ಟುಕೊಂಡು ಬೇಸಿಗೆಯ ಎರಡು ತಿಂಗಳು ಬಿಟ್ಟರೆ ವರ್ಷವಿಡೀ ಅದನ್ನೇ ತೊಟ್ಟರು. ಆ ಕೋಟಿನ ಎದೆಯ ಪಟ್ಟಿಯಲ್ಲಿ ದಾರ ಪೋಣಿಸಿದ ಸೂಜಿಗಳು ಸಾಲಾಗಿ ನಿಂತಿರುತ್ತಿದ್ದವು. ಹೊಸದಾಗಿ ಬಂದ ಎಳೆಯ ಪಾದ್ರಿ ಈಸ್ಟರ್ ದಿನದ ಉತ್ಸಾಹದಲ್ಲಿ ಅವರನ್ನು ಅಪ್ಪಿಕೊಂಡು, ಮರುಕ್ಷಣ ದೇವರ ಹೆಸರನ್ನು ಬೇರೆಯೇ ಧಾಟಿಯಲ್ಲಿ ಕೂಗಿದ. ಅಂದಿನಿಂದ ಡೆಲ್ಫಾರ ಕೈಕುಲುಕುವುದಷ್ಟೇ ಸಂಪ್ರದಾಯವಾಯಿತು, ಅದು ಅವರಿಗೂ ಅನುಕೂಲವೇ ಆಯಿತು.

ಯಾರು ಏನೇ ಹೇಳಲಿ, ಕೊನೆಯ ತನಕ ತಾಳ್ಮೆಯಿಂದ ಕೇಳಿ, "ಅದಿರ್ಲಿ" ಎನ್ನುವುದು ಅವರ ಅಭ್ಯಾಸ. ಆ ಒಂದು ಪದದಲ್ಲಿ ನೀವು ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಗುಡಿಸಿಹೋಗುತ್ತಿತ್ತು. ಅದೇ ಪಾದ್ರಿ ಕ್ಷಮೆಯ ಮಹಿಮೆಯನ್ನು ಕುರಿತು ಬಹುದೀರ್ಘವಾಗಿ ಬೋಧಿಸಿ, ಬಾಗಿಲಲ್ಲಿ ನಿಂತು ಎಲ್ಲರ ಹೊಗಳಿಕೆ ಸ್ವೀಕರಿಸುತ್ತಿದ್ದಾಗ ಡೆಲ್ಫಾ ಅವನ ಕೈ ಹಿಡಿದು, "ಅದಿರ್ಲಿ, ಕೆಳಗಿನ ಹೀಟರ್ ಯಾವಾಗ ರಿಪೇರಿ ಮಾಡಿಸ್ತೀರಿ?" ಎಂದು ಕೇಳಿದರು. ಅವನು ಆ ವರ್ಷ ಮಾಡಿಸಲಿಲ್ಲ.

ಚೌಕಟ್ಟಿನ ಸುತ್ತ ಅವರದೇ ರಾಜ್ಯಭಾರ. ಚೌಕಟ್ಟೆಂದರೆ ಎರಡು ಉದ್ದನೆಯ ಮರದ ದಿಂಡುಗಳು. ಮೇಲ್ಬಟ್ಟೆ, ನಡುವೆ ಹತ್ತಿಯ ಹಾಸು, ಕೆಳಗೆ ಅಸ್ತರಿ, ಮೂರನ್ನೂ ಸೇರಿಸಿ ಅವುಗಳಿಗೆ ಬಿಗಿದು, ಎರಡೂ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತು, ಕೈಗೆಟಕುವಷ್ಟು ಅಗಲವನ್ನು ಸೀಮೆಸುಣ್ಣದ ಗೆರೆಯ ಮೇಲೆ ಹೊಲಿಯುತ್ತಿದ್ದೆವು. ಅದು ಮುಗಿದ ಮೇಲೆ ಹೊಲಿದದ್ದನ್ನು ದಿಂಡಿಗೆ ಸುತ್ತಿ, ಹೊಸ ಭಾಗವನ್ನು ಮುಂದಕ್ಕೆ ಎಳೆದುಕೊಳ್ಳಬೇಕು. ಒಬ್ಬಳು ಹಿಂದೆ ಬಿದ್ದರೆ ಉಳಿದವರೆಲ್ಲ ಸೂಜಿ ಇಟ್ಟು ಕಾಯಬೇಕು. ಚೌಕಟ್ಟಿನ ಹತ್ತಿರ ಕಾಫಿ ಬರಕೂಡದು. ರೋಗಗಳ ಸುದ್ದಿ ಒಂದು ಸುತ್ತು ಮುಗಿಯುವ ತನಕ ಬೇಡ. ಬೆರಳಿಗೆ ಸೂಜಿ ಚುಚ್ಚಿ ಬಟ್ಟೆಗೆ ರಕ್ತ ತಾಗಿದರೆ ಚುಚ್ಚಿಕೊಂಡವಳೇ ತನ್ನ ಎಂಜಲಿನಿಂದ ಉಜ್ಜಬೇಕು. ಅವರವರ ರಕ್ತ ಅವರವರ ಎಂಜಲಿಗೇ ಬಿಡುತ್ತದೆ ಎಂದು ನಮ್ಮ ಕಡೆಯ ಹೊಲಿಗೆಯವರೆಲ್ಲ ನಂಬುತ್ತಾರೆ. ಮೊದಲ ದಿನವೇ ನಾನು ಚುಚ್ಚಿಕೊಂಡು ಗಾಬರಿಯಾದಾಗ ಪಕ್ಕದಲ್ಲಿದ್ದ ಆರ್ಲಿಸ್ ಬೆಹ್ರೆನ್ಸ್ ನೀರು ತರಲು ಎದ್ದರು. "ಕೂತ್ಕೊಳ್ಳೇ ಆರ್ಲಿಸ್," ಎಂದರು ಡೆಲ್ಫಾ, ತಲೆಯೆತ್ತದೆ. "ಉಗುಳೋಕೆ ಅವಳಿಗೇ ಬರುತ್ತೆ."

ಆರ್ಲಿಸ್ ಮೃದು ಸ್ವಭಾವದ, ಸುಲಭವಾಗಿ ಕಣ್ಣೀರಾಗುವ ಹೆಂಗಸು, ಕೂಟದಲ್ಲಿ ಡೆಲ್ಫಾರ ನಂತರದ ಸ್ಥಾನ ಅವರದು. ಪ್ರತಿ ಕೌದಿಯಲ್ಲೂ ಒಂದು ತುಂಡನ್ನು ಬೇಕೆಂದೇ ತಲೆಕೆಳಗಾಗಿ ಜೋಡಿಸುತ್ತಿದ್ದರು; ಪರಿಪೂರ್ಣತೆ ದೇವರೊಬ್ಬನಿಗೇ ಸಲ್ಲಬೇಕು, ನಾವು ಅವನ ಜೊತೆ ಪೈಪೋಟಿಗಿಳಿಯಬಾರದು ಎಂಬ ವಿನಯ ಅದು. ಡೆಲ್ಫಾರಿಗೆ ಈ ವಿನಯ ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

"ಬೇಕಂತಾನೇ ಬೇರೆ ತಪ್ಪು ಮಾಡ್ಬೇಕೇನೇ? ನೀನು ತಪ್ಪಿಲ್ಲದೆ ಹೊಲಿದಿರೋ ಒಂದು ಸಾಲು ತೋರ್ಸು, ದೇವ್ರಿಗೆ ಭಯ ಆಗುತ್ತಾ ಅಂತ ನಾನೇ ಕೇಳ್ತೀನಿ."

"ಥೂ, ಏನು ಬಾಯೋ ನಿಂದು," ಎನ್ನುತ್ತಿದ್ದರು ಆರ್ಲಿಸ್. ಆ ತುಂಡು ಮಾತ್ರ ತಲೆಕೆಳಗಾಗಿಯೇ ಉಳಿಯುತ್ತಿತ್ತು.

ಇನ್ನು ಓಪಲ್ ಹಾಂಕೆಯವರ ಮಾತು ಹೇಳದೆ ಡೆಲ್ಫಾರ ಚಿತ್ರ ಪೂರ್ತಿಯಾಗದು. ಓಪಲ್ ಗುಂಡಗಿನ, ಸದಾ ನಗುವ ಹೆಂಗಸು. ಅವರು ತರುತ್ತಿದ್ದ, ರೂಬಾರ್ಬ್ ಎಂಬ ಹುಳಿದಂಟಿನ ಕೇಕಿನ ಮುಂದೆ ಜಿಲ್ಲೆಯ ಯಾವ ಕೇಕೂ ನಿಲ್ಲದು. ಅವರ ಹೊಲಿಗೆಯ ಮುಂದೆ ಯಾರ ಹೊಲಿಗೆಯೂ ಕೆಟ್ಟದ್ದೆನಿಸದು. ರಾತ್ರಿ ಮಲಗಿದವನ ಕಾಲ್ಬೆರಳು ಸಿಕ್ಕಿಕೊಳ್ಳುವಷ್ಟು ಉದ್ದುದ್ದನೆಯ ಹೊಲಿಗೆ ಎಂದು ನಮ್ಮಲ್ಲಿ ತಮಾಷೆ ಮಾಡುತ್ತಾರೆ, ಓಪಲ್ ಅವರದು ಸಾಕ್ಷಾತ್ ಅದೇ. ಸಂಜೆ ನಾಲ್ಕಕ್ಕೆ ಸರಿಯಾಗಿ ಅವರ ಗಂಡ ಗೇಲನ್ ಪಿಕ್‌ಅಪ್ ತಂದು ಮೇಲೆ ನಿಲ್ಲಿಸಿ ಹಾರ್ನ್ ಬಾರಿಸುತ್ತಿದ್ದ. ಓಪಲ್ ಗಡಬಡಿಸಿ ಸೂಜಿ ಚುಚ್ಚಿಟ್ಟು ಓಡುತ್ತಿದ್ದರು. ಗಾಡಿಯ ಸದ್ದು ತಿರುವು ದಾಟುವ ತನಕ ಡೆಲ್ಫಾ ಸುಮ್ಮನೆ ಕೂತಿರುತ್ತಿದ್ದರು. ಆಮೇಲೆ ತಮ್ಮ ಕುರ್ಚಿಯನ್ನು ಓಪಲ್ ಅವರ ಜಾಗಕ್ಕೆ ಎಳೆದುಕೊಂಡು, ಕೊಕ್ಕರೆಯ ಆಕಾರದ ಪುಟ್ಟ ಕತ್ತರಿ ತೆಗೆದು, ಓಪಲ್ ಆ ಮಧ್ಯಾಹ್ನವೆಲ್ಲ ಹೊಲಿದದ್ದನ್ನು ಒಂದು ತುದಿಯಿಂದ ಬಿಚ್ಚಿ, ಮತ್ತೆ ತಾವೇ ಹೊಲಿಯುತ್ತಿದ್ದರು. ಮುಂದಿನ ಬುಧವಾರ ಓಪಲ್ ಬಂದು ಕೂತು, ತಮ್ಮ ಜಾಗವನ್ನು ಕೈಯಿಂದ ಸವರಿ, "ಹೋದ ವಾರ ನಾನು ಚೆನ್ನಾಗೇ ಹೊಲಿದಿದ್ದೆ ಅಲ್ವಾ ಡೆಲ್ಫಾ?" ಎಂದು ಕೇಳುವುದು, "ಹೂಂ, ಪರವಾಗಿಲ್ಲ," ಎಂದು ಡೆಲ್ಫಾ ಗೊಣಗುವುದು ವಾರವಾರವೂ ನಡೆಯುತ್ತಿದ್ದ ವಿಧಿ.

ಒಮ್ಮೆ ತಡೆಯಲಾರದೆ ನಾನು, "ಅವರಿಗೆ ಹೇಳಿಬಿಡಬಾರ್ದಾ?" ಎಂದೆ.

"ಹೇಳಿದ್ರೆ ಹೊಲಿಗೆ ಸುಧಾರಿಸಲ್ಲ, ಮನಸ್ಸು ಮಾತ್ರ ಕೆಡುತ್ತೆ."

"ಹಾಗಾದ್ರೆ ಬಿಚ್ಚದೆ ಬಿಡಿ. ಪಾಪ, ಅಷ್ಟು ಕಷ್ಟಪಟ್ಟು ಹೊಲಿದಿರ್ತಾರೆ."

ಡೆಲ್ಫಾ ಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದರು. "ಅದಿರ್ಲಿ. ಇದನ್ನ ಹೊದ್ಕೊಳ್ಳೋದು ಓಪಲ್ ಅಲ್ಲ ಕಣಮ್ಮ, ಬೇರೆ ಯಾರೋ. ಅವರು ಒಗೀತಾರೆ, ಹಿಂಡ್ತಾರೆ, ಮಕ್ಕಳು ಎಳೆದಾಡ್ತಾವೆ. ಒಳಗಿನ ಹತ್ತಿ ಗಂಟುಗಟ್ಟಿದಾಗ 'ಪಾಪ, ಕಷ್ಟಪಟ್ಟಿದ್ರು' ಅಂತ ಅವರಿಗೆ ಚಳಿ ಕಡಿಮೆ ಆಗುತ್ತಾ?"

ಯಾರ ಹೊಲಿಗೆಗೂ ಅವರು ರಿಯಾಯಿತಿ ಕೊಡಲಿಲ್ಲ. ಗಂಡನನ್ನು ಮಣ್ಣು ಮಾಡಿದ ವಾರವೇ ಬಂದು ಕೂತ ಆರ್ಲಿಸ್ ಅವರದನ್ನು ಬಿಚ್ಚಿದರು. ಪಾದ್ರಿಯ ಹೆಂಡತಿಯದನ್ನು ಬಿಚ್ಚಿದರು. ನನ್ನ ಮೊದಲ ಚಳಿಗಾಲದ ದುಡಿಮೆಯಲ್ಲಿ ಏನೂ ಉಳಿದಿಲ್ಲವೆಂದು ಎಷ್ಟೋ ಕಾಲದ ಮೇಲೆ ಆರ್ಲಿಸ್ ಬಾಯಿಂದ ಕೇಳಿ ನನಗೆ ಅಳುವೇ ಬಂತು. ಅದರಲ್ಲಿ ದಯೆ ಎಷ್ಟು, ನಿರ್ದಯೆ ಎಷ್ಟು ಎಂದು ಆಗಲೂ ನನಗೆ ತಿಳಿಯಲಿಲ್ಲ, ಈಗಲೂ ಪೂರ್ತಿ ತಿಳಿದಿಲ್ಲ. ಕೆಲವು ಬುಧವಾರ ಅವರು ಬಾರದಿದ್ದರೇ ಚೆನ್ನಾಗಿತ್ತು ಎನಿಸಿದ್ದುಂಟು. ಆ ದಿನಗಳಲ್ಲಿ ಅವರು ಎಂದೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ಕಾಲ ಕಳೆದಂತೆ ಕುರ್ಚಿಗಳು ಖಾಲಿಯಾದವು. ಊರಿನ ಎಳೆಯ ಹೆಂಗಸರು ಹಗಲೆಲ್ಲ ಕೆಲಸಕ್ಕೆ ಹೋಗುವವರಾದರು, ಕೌದಿ ಬೇಕೆಂದವರು ಪಟ್ಟಣಕ್ಕೆ ಕಳಿಸಿ ಯಂತ್ರದಲ್ಲಿ ಹೊಲಿಸಿಕೊಂಡರು. ಚೌಕಟ್ಟು ಮಾತ್ರ ಅಷ್ಟೇ ಉದ್ದ ಉಳಿಯಿತು. ನಾವು ಉಳಿದವರು ದೂರದೂರ ಕೂತು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದೆ ಎರಡೆರಡು ಸಲ ಹೇಳಿಕೊಳ್ಳುತ್ತ, ಒಂದು ಕೌದಿಗೆ ಇಡೀ ಚಳಿಗಾಲ ಸವೆಸುತ್ತಿದ್ದೆವು. ಡೆಲ್ಫಾರಿಗೆ ಎಂಬತ್ತು ದಾಟಿತು. ಅವರ ಬಲಗೈ ನಡುಗತೊಡಗಿದಾಗ ಮೊದಲು ನಾವು ಅದನ್ನು ಚಳಿಯೆಂದುಕೊಂಡೆವು, ಹೀಟರನ್ನು ಬೈದೆವು. ಬೇಸಿಗೆ ಬಂದರೂ ನಡುಕ ನಿಲ್ಲಲಿಲ್ಲ. ಅವರ ಹೊಲಿಗೆ ಉದ್ದವಾಯಿತು, ಸೀಮೆಸುಣ್ಣದ ಗೆರೆ ಬಿಟ್ಟು ಅತ್ತಿತ್ತ ಹೋಯಿತು, ಎಷ್ಟೋ ಕಡೆ ಸೂಜಿ ಕೆಳಗಿನ ಬಟ್ಟೆಯನ್ನು ಮುಟ್ಟಲೇ ಇಲ್ಲ. ಎಲ್ಲರಿಗೂ ಕಾಣುತ್ತಿತ್ತು, ಬಾಯಿ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ.

ಆ ಶರತ್ಕಾಲದಲ್ಲಿ ಚೌಕಟ್ಟಿಗೆ ಏರಿದ್ದು ಆರ್ಲಿಸ್ ಅವರ ಮೊಮ್ಮಗಳು ಕೆಂಡ್ರಾಳ ಮದುವೆಯ ಕೌದಿ, ಒಂದರೊಳಗೊಂದು ಸೇರಿದ ಉಂಗುರಗಳ ಮಾದರಿಯದು. ಒಂದು ಬುಧವಾರ ಡೆಲ್ಫಾ ಬೇಗ ಹೊರಟುಹೋದರು. ಓಪಲ್ ಅವರನ್ನು ಗೇಲನ್‌ನ ಹಾರ್ನ್ ಕರೆದೊಯ್ಯಿತು. ಉಳಿದವರು ಡೆಲ್ಫಾರ ಜಾಗದ ಸುತ್ತ ನಿಂತೆವು. ನೋಡಲಾಗದ ಹೊಲಿಗೆ. ಆರ್ಲಿಸ್ ಕತ್ತರಿ ತೆಗೆದುಕೊಂಡು ಕೂತರು, ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು ಕೆಳಗಿಟ್ಟರು.

"ನನ್ನ ಕೈಲಾಗಲ್ಲಪ್ಪ. ಡೆಲ್ಫಾ ಹೊಲಿದಿದ್ದನ್ನ ಬಿಚ್ಚೋದಾ?"

"ಕೌದಿ ನಿಮ್ಮ ಕೆಂಡ್ರಾದು," ಎಂದೆ ನಾನು.

"ಕೆಂಡ್ರಾ ಮಗುಚಿ ಬೆನ್ನು ನೋಡೋಳಲ್ಲ. ಸುತ್ಬಿಡೋಣ. ದಿಂಡಿನೊಳಗೆ ಹೋದ್ಮೇಲೆ ಯಾರಿಗೆ ಕಾಣುತ್ತೆ?"

ಸುತ್ತಿಬಿಟ್ಟ ಭಾಗ ಕೌದಿ ಮುಗಿದು ಚೌಕಟ್ಟಿನಿಂದ ಇಳಿಯುವ ತನಕ ಮತ್ತೆ ಹೊರಗೆ ಬರುವುದಿಲ್ಲ. ಗೂಟ ಸಡಿಲಿಸಿ, ಎರಡು ಕಡೆಯಿಂದ ದಿಂಡು ತಿರುಗಿಸಿ, ಡೆಲ್ಫಾರ ಹೊಲಿಗೆಯನ್ನು ಒಳಗೆ ಕಳಿಸಿ, ಹೊಸ ಬಟ್ಟೆಯನ್ನು ಬಿಗಿಯಾಗಿ ಎಳೆದು ನಾವು ಮನೆಗೆ ಹೋದೆವು. ದೊಡ್ಡದೊಂದು ಉಪಕಾರ ಮಾಡಿದೆವೆಂಬ ಭಾವನೆ ಆರ್ಲಿಸ್ ಅವರ ಮುಖದಲ್ಲಿತ್ತು.

ಮುಂದಿನ ಬುಧವಾರ ನಾವು ಇಳಿದು ಬಂದಾಗ ಡೆಲ್ಫಾ ಆಗಲೇ ಬಂದಿದ್ದರು. ಒಬ್ಬರೇ ಗೂಟ ಕಳಚಿ, ದಿಂಡನ್ನು ಹಿಂದಕ್ಕೆ ಬಿಚ್ಚಿ, ಬಟ್ಟೆಯ ಅಡಿಗೆ ಕೈ ಹಾಕಿ ಬೆರಳಿನಿಂದ ತಡವುತ್ತಿದ್ದರು.

"ಇದು ನಂದು," ಎಂದರು. "ಹೋದ ವಾರದ್ದು. ಹಾಗೇ ಇದೆ. ಯಾಕೆ ಬಿಚ್ಚಿಲ್ಲ?"

"ಚೆನ್ನಾಗೇ ಇದೆಯಲ್ಲ ಡೆಲ್ಫಾ," ಎಂದರು ಆರ್ಲಿಸ್.

"ಕೈ ನಡುಗುತ್ತೆ, ಬುದ್ಧಿ ಇನ್ನೂ ನೆಟ್ಟಗಿದೆ. ಇದಕ್ಕೆ ಕಾಲ್ಬೆರಳಲ್ಲ, ಇಡೀ ಕಾಲೇ ಸಿಕ್ಕೊಳ್ಳುತ್ತೆ. ಇಷ್ಟು ವರ್ಷ ಇಲ್ಲಿ ಎಲ್ಲರದನ್ನೂ ಬಿಚ್ಚಿಲ್ವಾ? ಆರ್ಲಿಸ್, ನಿಂದನ್ನ ಬಿಚ್ಚಿಲ್ವಾ? ಓಪಲ್‌ದನ್ನ ವಾರವಾರ ಬಿಚ್ಚಿಲ್ವಾ? ನಂದನ್ನ ಯಾಕೆ ಬಿಟ್ರಿ? ಪಾಪ ಮುದುಕಿ, ಇದ್ದಷ್ಟು ದಿನ ಆಡ್ಕೊಳ್ಳಲಿ ಅಂತಾನಾ? ಹಾಗಾದ್ರೆ ನಾನು ಇಲ್ಲಿ ಹೊಲಿಯೋಕೆ ಬರ್ತಿಲ್ಲ. ನೀವು ನನ್ನನ್ನ ಸುಮ್ನೆ ಕೂರಿಸ್ಕೊಂಡಿದ್ದೀರಿ."

ಮೆಟ್ಟಿಲ ಕೊನೆಯಲ್ಲಿ ಓಪಲ್ ಕೇಕಿನ ತಟ್ಟೆ ಹಿಡಿದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಡೆಲ್ಫಾ ಅತ್ತ ನೋಡಲೇ ಇಲ್ಲ. ಕತ್ತರಿ ತೆಗೆದು ತಮ್ಮ ಹೊಲಿಗೆಯನ್ನು ತಾವೇ ಬಿಚ್ಚತೊಡಗಿದರು. ಒಂದು ಸಾಲು ಬಂತು. ಎರಡನೆಯದರಲ್ಲಿ ಕೈ ಜಾರಿ, ಕತ್ತರಿಯ ಮೂತಿ ದಾರದ ಬದಲು ಬಟ್ಟೆಯೊಳಗೆ ಇಳಿದು, ಉಂಗುರದ ನಡುವೆ ಬೆರಳುದ್ದ ಸೀಳಿಬಿಟ್ಟಿತು. ಮದುವೆಯ ಕೌದಿ. ಒಳಗಿನ ಬಿಳಿ ಹತ್ತಿ ಕಾಣುತ್ತಿತ್ತು. ಡೆಲ್ಫಾ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟರು, ಕೋಟು ಹಾಕಿಕೊಂಡರು, ಒಂದೊಂದು ಮೆಟ್ಟಿಲಿಗೂ ಎರಡು ಕಾಲು ಜೋಡಿಸುತ್ತ ಮೇಲೆ ಹತ್ತಿ ಹೋದರು. ನನಗೆ ಹಿಂದೆ ಓಡಿಹೋಗಿ ಕೈ ಹಿಡಿಯಬೇಕೆನಿಸಿತು, ಆದರೆ ಹಿಡಿಸಿಕೊಳ್ಳುವವರಲ್ಲ ಅವರು.

ಅನಂತರ ಅವರು ಬರುವುದನ್ನು ನಿಲ್ಲಿಸಿದರು. ಫೋನು ಮಾಡಿದರೆ "ಕೆಲಸ ಇದೆ" ಎನ್ನುತ್ತಿದ್ದರು. ಯಾವ ಕೆಲಸವೂ ಇರಲಿಲ್ಲವೆಂದು ಊರಿಗೆಲ್ಲ ಗೊತ್ತು. ಆರ್ಲಿಸ್ ಸೀಳಿನ ಮೇಲೆ ಹಸಿರು ಬಟ್ಟೆಯಲ್ಲಿ ಒಂದು ಎಲೆ ಕತ್ತರಿಸಿಟ್ಟು ಹೊಲಿದು, ಹೊಲಿಯುತ್ತಲೇ ಅತ್ತರು. ಓಪಲ್ ತಾವು ಕೇಳಿಸಿಕೊಂಡ ಮಾತಿನ ಬಗ್ಗೆ ಒಂದಕ್ಷರವೂ ಎತ್ತದೆ ವಾರವಾರ ಬಂದು ಕೂತು, ಎಂದಿನ ಹಾಗೇ ಕೆಟ್ಟದಾಗಿ ಹೊಲಿದು ಹೋಗುತ್ತಿದ್ದರು. ಕೊನೆಗೊಂದು ಮಂಗಳವಾರ ನನ್ನ ಮನೆಗೆ ಬಂದು, "ಕಾರು ತೆಗಿ. ಡೆಲ್ಫಾ ಮನೆಗೆ ಹೋಗೋಣ," ಎಂದರು.

ಡೆಲ್ಫಾ ಅಡುಗೆಮನೆಯ ಮೇಜಿನ ಮುಂದೆ ಕೋಟು ತೊಟ್ಟೇ ಕೂತಿದ್ದರು. ಎದೆಯ ಪಟ್ಟಿ ಬರಿದಾಗಿತ್ತು. ಸೂಜಿಗಳನ್ನೆಲ್ಲ ಕಿತ್ತು ಒಂದು ಬಟ್ಟಲಲ್ಲಿ ಹಾಕಿದ್ದರು. ಅದನ್ನು ಕಂಡು ನನಗೆ ನಿಜವಾಗಿ ಹೆದರಿಕೆಯಾಯಿತು.

"ಕೇಕ್ ತಂದಿದ್ರೆ ಇಟ್ಟು ಹೋಗು," ಎಂದರು ಡೆಲ್ಫಾ.

"ತಂದಿಲ್ಲ. ಜಗಳಕ್ಕೆ ಬಂದಿದ್ದೀನಿ." ಓಪಲ್ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. "ನನ್ನ ಹೊಲಿಗೆ ನೀನು ಬಿಚ್ತಿದ್ದೆ ಅಂತ ನಂಗೆ ಅವತ್ತೇ ಗೊತ್ತಾಗಿದ್ದು ಅಂದ್ಕೊಂಡ್ಯಾ?"

ಡೆಲ್ಫಾ ತಲೆಯೆತ್ತಿದರು.

"ಮೊದಲನೇ ವರ್ಷದಿಂದ್ಲೂ ಗೊತ್ತು ಕಣೇ. ಒಬ್ಬಳು ಈ ವಾರ ಕೆಟ್ಟದಾಗಿ ಹೊಲಿದು ಹೋಗ್ತಾಳೆ, ಮುಂದಿನ ವಾರ ಬಂದು ನೋಡಿದ್ರೆ ಅದೇ ಜಾಗ ಥೇಟ್ ನಿನ್ನ ಹೊಲಿಗೆ ಥರ ಇರುತ್ತೆ. ಅವಳೇನಂದ್ಕೋಬೇಕು? ದೇವದೂತರು ಇಳಿದು ಬಂದಿದ್ರು ಅಂತಾನಾ?"

"ಮತ್ತೆ 'ಚೆನ್ನಾಗಿ ಹೊಲಿದಿದ್ದೆ ಅಲ್ವಾ' ಅಂತ ಕೇಳ್ತಿದ್ದೆಯಲ್ಲ?"

"ನಿನ್ನ ಮುಖ ನೋಡೋಕೆ. ಸುಳ್ಳು ಹೇಳುವಾಗ ನಿನ್ನ ಕಿವಿ ಕೆಂಪಾಗುತ್ತೆ."

ಡೆಲ್ಫಾರ ಕೈ ತಾನಾಗಿ ಕಿವಿಗೆ ಹೋಯಿತು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

"ಗೊತ್ತಿದ್ದೂ ಯಾಕೆ ಬರ್ತಿದ್ದೆ?"

"ನಮ್ಮನೇಲಿ ಗೇಲನ್ ದಿನಕ್ಕೆ ನಾಲ್ಕು ಮಾತಾಡ್ತಾನೆ, ಅದರಲ್ಲಿ ಮೂರು ಹಸುಗಳಿಗೆ." ಓಪಲ್ ನಗುತ್ತ ಶುರುಮಾಡಿದವರು ಅರ್ಧದಲ್ಲಿ ನಗು ನಿಲ್ಲಿಸಿದರು. "ಮೊದಮೊದಲು ಪಿಕ್‌ಅಪ್‌ನಲ್ಲಿ ಕೂತು ಅಳ್ತಿದ್ದೆ. ಇನ್ನು ಹೋಗಲ್ಲ ಅಂತ ಎಷ್ಟು ಸಲ ಅಂದ್ಕೊಂಡೆನೋ. ಆಮೇಲೆ ಬುದ್ಧಿ ಬಂತು. ಇವಳು ನನ್ನ ಹೊಲಿಗೆ ಬಿಚ್ತಾಳೆ, ಆದ್ರೆ ನನ್ನ ಕುರ್ಚಿ ಎತ್ತಿಟ್ಟಿಲ್ಲವಲ್ಲ ಅಂತ."

ಡೆಲ್ಫಾ, "ನಿಂಗೆ ನೋವಾಗಿತ್ತು ಅಂತ ನಂಗೆ..." ಎಂದು ನಿಲ್ಲಿಸಿದರು.

"ಆಗಿತ್ತು," ಎಂದರು ಓಪಲ್. "ನಾಳೆ ಬಾ."

"ಬಂದು ಏನ್ಮಾಡ್ಲಿ? ಕೈ ನೋಡು."

"ನಾನು ಇಷ್ಟು ವರ್ಷ ಬಂದು ಏನ್ಮಾಡ್ದೆ?"

ಡೆಲ್ಫಾ ಸೂಜಿಯ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡರು. ಆಮೇಲೆ ವ್ಯವಹಾರದ ದನಿಯಲ್ಲಿ ಹೇಳಿದರು: "ಆರ್ಲಿಸ್ ಬಿಚ್ಚೋದು ಬೇಡ. ಅತ್ಕೊಂಡು ಅರ್ಧಂಬರ್ಧ ಬಿಡ್ತಾಳೆ. ನೀನು ಬಿಚ್ಚು."

"ಸಂತೋಷವಾಗಿ. ನಿಂಗೆ ಕರುಣೆ ತೋರ್ಸೋ ದರ್ದು ನಂಗೇನಿಲ್ಲ."

"ನಾನು ಹೋದ್ಮೇಲಲ್ಲ. ನನ್ನ ಎದುರಿಗೇ. ಒಂದೂ ಬಿಡಬಾರ್ದು."

"ಬಿಡಲ್ಲ."

ಹೀಗೆ ಕೂಟದ ಕೊನೆಯ ವರ್ಷಗಳಲ್ಲಿ ಡೆಲ್ಫಾ ಮತ್ತು ಓಪಲ್ ಪಕ್ಕಪಕ್ಕದಲ್ಲಿ ಕೂತರು. ಡೆಲ್ಫಾ ನಡುಗುವ ಕೈಯಿಂದ ಒಂದು ಸಾಲು ಹೊಲಿದು ಮುಂದೆ ಸರಿಯುವುದು, ಓಪಲ್ ಅದನ್ನು ಬಿಚ್ಚುವುದು, ಆಮೇಲೆ ನಾನು ಅಲ್ಲಿ ಮತ್ತೆ ಹೊಲಿಯುವುದು. ಬಿಚ್ಚುವುದರಲ್ಲಿ ಓಪಲ್ ಅವರ ಕೈ ಎಷ್ಟು ನಯವಾಗಿತ್ತೆಂದರೆ ಬಟ್ಟೆಯ ಒಂದು ಎಳೆಯೂ ಅಲುಗುತ್ತಿರಲಿಲ್ಲ. ಒಮ್ಮೆ, ಒಂದೇ ಒಮ್ಮೆ, ಡೆಲ್ಫಾರ ಒಂದು ಸಾಲು ಹಳೆಯ ಕಾಲದ ಹಾಗೆ ನೇರವಾಗಿ ಬಂತು. "ಇದನ್ನ ಉಳಿಸ್ಲಾ?" ಎಂದು ಓಪಲ್ ಕೇಳಿದರು. ಡೆಲ್ಫಾ ಅಡಿಗೆ ಕೈ ಹಾಕಿ ತಡವಿದರು. "ಕೊನೇಲಿ ಜಾರಿದೆ. ಬಿಚ್ಚು," ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಒಂದಾದರೂ ಇರಲಿ, ಯಾವ ಆಕಾಶ ಕಳಚಿ ಬೀಳುತ್ತದೆ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ, ಅವರ ಸೂಜಿ ಮಾಡಿದ ತೂತುಗಳಲ್ಲೇ ನನ್ನ ಸೂಜಿ ಹಾಕಿ ಹೊಲಿದೆ. ಕೆಂಡ್ರಾಳ ಮದುವೆಗೂ ಡೆಲ್ಫಾ ಹೋಗಿದ್ದರು. ಕೌದಿಯ ಆ ಹಸಿರು ಎಲೆಯ ಮೇಲೆ ಬೆರಳಿಟ್ಟು, "ಇಲ್ಲಿ ಹರಿದಿತ್ತು, ಹರಿದಿದ್ದು ನಾನು," ಎಂದು ಎಲ್ಲರೆದುರು ಮದುಮಗಳಿಗೆ ಹೇಳಿದರು. ಅವಳು ತಬ್ಬಿಬ್ಬಾಗಿ "ಪರವಾಗಿಲ್ಲ ಬಿಡಿ" ಎಂದಳು. "ಪರವಾಗಿದೆ. ಅದಿರ್ಲಿ, ಒಗೆಯೋವಾಗ ಅಲ್ಲಿ ಉಜ್ಜಬೇಡ," ಎಂದರು ಡೆಲ್ಫಾ.

ಅವರು ತೀರಿಕೊಂಡಿದ್ದು ಒಂದು ಫೆಬ್ರವರಿಯಲ್ಲಿ. ಆ ವಾರದ ಬುಧವಾರವೂ ಬಂದು ಹೊಲಿದಿದ್ದರು. ಓಪಲ್ ಅವರಿಗೆ ಜ್ವರ, ಅಂದು ಬಂದಿರಲಿಲ್ಲ. ಹಾಗಾಗಿ ಡೆಲ್ಫಾರನ್ನು ಹಿಮ ಸರಿಸಿ ಆರ್ವಿಲ್ ಪಕ್ಕದಲ್ಲಿ ಮಣ್ಣು ಮಾಡಿ ಬಂದು ನಾವು ಮತ್ತೆ ಚೌಕಟ್ಟಿನ ಸುತ್ತ ಕೂತಾಗ, ಅವರು ಕೊನೆಯದಾಗಿ ಹೊಲಿದ ಸಾಲುಗಳು ಬಿಚ್ಚದೆ ಹಾಗೇ ಉಳಿದಿದ್ದವು. ವಕ್ರವಾಗಿ, ಉದ್ದುದ್ದವಾಗಿ, ಗೆರೆ ಬಿಟ್ಟು ಹೋಗಿದ್ದವು. ಓಪಲ್ ಕತ್ತರಿ ತೆಗೆದುಕೊಂಡರು.

"ಇದನ್ನಾದ್ರೂ ಬಿಡೇ," ಎಂದರು ಆರ್ಲಿಸ್. "ಅವಳ ಗುರುತಿಗೆ."

"ಒಂದೂ ಬಿಡಲ್ಲ ಅಂತ ಮಾತು ಕೊಟ್ಟಿದ್ದೀನಿ," ಎಂದರು ಓಪಲ್. ಮೂಗು ಒರೆಸಿಕೊಂಡು, ಕಣ್ಣು ಮಂಜಾದಾಗ ನಿಲ್ಲಿಸಿ, ಮತ್ತೆ ಶುರುಮಾಡಿ, ಒಂದು ತುದಿಯಿಂದ ಇನ್ನೊಂದು ತುದಿಯ ತನಕ ಎಲ್ಲವನ್ನೂ ಬಿಚ್ಚಿದರು. ನಾನು ಹೊಲಿದೆ. ಆ ಕೊನೆಯ ವರ್ಷಗಳಲ್ಲಿ ನಮ್ಮ ಕೂಟ ಮಾಡಿದ ಯಾವ ಕೌದಿಯಲ್ಲೂ, ಮರಳಿ ಬಂದ ಮೇಲೆ ಒಂದು ಬುಧವಾರವನ್ನೂ ತಪ್ಪಿಸದ ಡೆಲ್ಫಾರ ಒಂದೇ ಒಂದು ಹೊಲಿಗೆಯೂ ಇಲ್ಲ.

ಇನ್ನೊಬ್ಬರ ಕೆಲಸವನ್ನು ಅಳೆಯುವವರಿಗೆ ಲೋಕದಲ್ಲಿ ಕೊರತೆಯಿಲ್ಲ. ಆ ಅಳತೆ ತಮ್ಮ ಕುರ್ಚಿಯ ಹತ್ತಿರ ಬಂದ ದಿನ ಬಹುಪಾಲು ಜನಕ್ಕೆ ತಮ್ಮ ವಯಸ್ಸು ನೆನಪಾಗುತ್ತದೆ, ಹಿಂದೆ ಮಾಡಿದ ಉಪಕಾರಗಳು ನೆನಪಾಗುತ್ತವೆ, ತಮಗೊಂದು ರಿಯಾಯಿತಿ ಸಲ್ಲಬೇಕಿತ್ತಲ್ಲ ಎಂಬ ಕೊರಗು ಹತ್ತಿಕೊಳ್ಳುತ್ತದೆ. ಡೆಲ್ಫಾರಂಥ ಕೆಲವರು ಕತ್ತರಿಯನ್ನು ತಾವೇ ಎತ್ತಿ ಪಕ್ಕದವರ ಕೈಗೆ ಕೊಡುತ್ತಾರೆ. ಅಂಥವರ ಜೊತೆ ಬಾಳುವುದು ಸುಖವಲ್ಲ, ಅವರ ಮಗ್ಗುಲಲ್ಲಿ ಕೂತು ನಾನು ಬೇಸತ್ತಿದ್ದೇನೆ, ದಣಿದಿದ್ದೇನೆ, ಮನಸ್ಸಿನಲ್ಲೇ ಶಪಿಸಿದ್ದೇನೆ. ತಮ್ಮ ಗುರುತು ಉಳಿಯಬೇಕೆಂಬ ಆಸೆ ಅವರಿಗಿರುವುದಿಲ್ಲ. ಇರುವಷ್ಟು ದಿನ ನಾಲ್ಕು ಜನರ ನಡುವೆ ಕೂತಿರಬೇಕು, ಕನಿಕರದ ಮೇಲೆ ಕೂತಿರಬಾರದು ಎಂಬುದೊಂದೇ ಹಟ. ಸಂಜೆಗೆ ಬಿಚ್ಚಿಹೋಗುತ್ತದೆಂದು ಗೊತ್ತಿದ್ದೂ ಮಧ್ಯಾಹ್ನ ಬಂದು ಸೂಜಿಗೆ ದಾರ ಪೋಣಿಸುತ್ತಾರೆ. ಎಲ್ಲೋ ಒಂದು ಮಗು ಆ ಕೌದಿಯೊಳಗೆ ಬೆಚ್ಚಗೆ ಮಲಗಿರುತ್ತದೆ, ಹಾಗೆ ಬಂದು ಕೂತು ಹೋದವರು ಯಾರೆಂದು ಅದಕ್ಕೆ ಯಾರೂ ಹೇಳುವುದಿಲ್ಲ.